ದಾಕು, ಲಸಿಕೆ ಮತ್ತು ರಕ್ತದ ಕ್ಯಾನ್ಸರ್: ಶ್ರೀರಂಗಪಟ್ಟಣದಿಂದ ಶುರುವಾದ ಒಂದು ಕಥೆ

2021ರ ಮಾರ್ಚ್ 1. ಅಲ್ಲಿಯವರೆಗೆ ಕೊರೊನಾ ಲಸಿಕೆ ಆಸ್ಪತ್ರೆ ಸಿಬ್ಬಂದಿಗೆ, ಪೊಲೀಸರಂಥ ಮುಂಚೂಣಿ ಕೆಲಸಗಾರರಿಗೆ ಮಾತ್ರ ಸಿಗುತ್ತಿತ್ತು. ಅವತ್ತಿನಿಂದ 60 ವರ್ಷ ದಾಟಿದ ಎಲ್ಲರಿಗೂ, 45ರಿಂದ 59ರ ಒಳಗಿನವರಲ್ಲಿ ದೊಡ್ಡ ಕಾಯಿಲೆ ಇದ್ದವರಿಗೂ ಕೊಡುವುದು ಶುರುವಾಯಿತು. ಯಾವ ಕಾಯಿಲೆ ಎಂದು ಕೇಂದ್ರ ಸರ್ಕಾರ 20 ಹೆಸರುಗಳ ಪಟ್ಟಿ ಕೊಟ್ಟಿತ್ತು. ಆ ಪಟ್ಟಿಯಲ್ಲಿ ಲಿಂಫೋಮಾ, ಲ್ಯುಕೇಮಿಯಾ, ಮೈಲೋಮಾ ಇದ್ದವು. ಮೂರೂ ರಕ್ತದ ಕ್ಯಾನ್ಸರ್‌ಗಳು.

ಅಂದರೆ ರಕ್ತದ ಕ್ಯಾನ್ಸರ್ ಇದ್ದವರನ್ನು ಸರ್ಕಾರ ಸಾಲಿನ ಮುಂದಕ್ಕೆ ಕರೆದಿತ್ತು. ಆದರೆ ಆಗ ವರದಿಗೆಂದು ನಮ್ಮ ತಾಲೂಕಿನ ಊರುಗಳಲ್ಲಿ ಓಡಾಡುವಾಗ ಇಂಥ ಕಾಯಿಲೆ ಇದ್ದ ಮನೆಗಳಲ್ಲಿ ಕೇಳಿಬಂದ ಮಾತು ಬೇರೆ. "ಮೊದ್ಲೇ ರಕ್ತ ಕೆಟ್ಟೋಗದೆ, ಅದ್ರ ಮೇಲೊಂದ್ ಸೂಜಿ ಯಾಕೆ?" ಎನ್ನುವುದು ಒಂದು. "ಬೆಂಗ್ಳೂರ್ ಡಾಕ್ಟ್ರು ಏನೂ ಹೇಳ್ಲಿಲ್ಲ, ಇಲ್ಲಿಯವ್ರು ಹಾಕುಸ್ಕೊಳ್ಳಿ ಅಂತಾರೆ, ಯಾರ್ ಮಾತ್ ಕೇಳೋದು?" ಎನ್ನುವುದು ಇನ್ನೊಂದು.

ಇದನ್ನು ಹಳ್ಳಿಯವರ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ಸೂಜಿಗೆ ಹೆದರಿದ್ದು, ಆಮೇಲೆ ನಂಬಿದ್ದು, ನಂಬಿದ ಮೇಲೂ ಕೆಲವರು ಅದರಿಂದ ದೂರ ಇರಬೇಕಾಗಿ ಬಂದದ್ದು, ಇದಕ್ಕೆಲ್ಲ 200 ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಆ ಇತಿಹಾಸದ ಮೊದಲ ಪುಟಗಳು ನಮ್ಮ ಶ್ರೀರಂಗಪಟ್ಟಣದ ಸುತ್ತಲೇ ಇವೆ.

ಗಂಜಾಮಿನ ದೊಡ್ಡಸ್ವಾಮಿ

ಶ್ರೀರಂಗಪಟ್ಟಣದ ಗಂಜಾಮಿಗೆ ಹೋದವರು ಅಲ್ಲಿನ ಹಳೇ ಚರ್ಚನ್ನು ನೋಡಿರುತ್ತೀರಿ. ಅಬ್ಬೆ ದುಬೋಯಿ ಚರ್ಚ್ ಎಂದೇ ಅದಕ್ಕೆ ಹೆಸರು. ದುಬೋಯಿ ಫ್ರಾನ್ಸ್ ದೇಶದ ಪಾದ್ರಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಸತ್ತು ಪಟ್ಟಣ ಇಂಗ್ಲಿಷರ ಕೈಸೇರಿದ ಮೇಲೆ ಈ ಕಡೆಗೆ ಬಂದವರು. ನಮ್ಮವರ ಹಾಗೆ ನಿಲುವಂಗಿ, ರುಮಾಲು ತೊಟ್ಟು, ಮಾಂಸ ಬಿಟ್ಟು ಬದುಕಿದವರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ ಇಂದಿಗೂ ಓದಿಗೆ ಸಿಗುತ್ತದೆ. ಆದರೆ ಅವರು ಮಾಡಿದ ಇನ್ನೊಂದು ಕೆಲಸ ನಮ್ಮಲ್ಲಿ ಅಷ್ಟು ನೆನಪಿನಲ್ಲಿಲ್ಲ. ಮೈಸೂರು ಸೀಮೆಯಲ್ಲಿ ಸಿಡುಬಿಗೆ ದಾಕು ಹಾಕಿಸುವ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಅವರೂ ಒಬ್ಬರು. 1803-04ರ ಹೊತ್ತಿಗೆ ಅವರ ಕಡೆಯಿಂದ 25 ಸಾವಿರಕ್ಕೂ ಹೆಚ್ಚು ಜನರಿಗೆ ದಾಕು ಹಾಕಿಸಲಾಗಿತ್ತು.

ಬಸ್ಸಿಲ್ಲ, ಫೋನಿಲ್ಲ, ಐಸ್ ಪೆಟ್ಟಿಗೆಯಿಲ್ಲ. ಆ ಕಾಲಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ಅದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಆಗಿನ ದಾಕು ಹೇಗಿತ್ತು ಎಂಬುದನ್ನು ನೋಡಬೇಕು.

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು ಒಂದು ವಿಷಯ ತೋರಿಸಿಕೊಟ್ಟರು. ಹಸುವಿನ ಕೆಚ್ಚಲ ಮೇಲೆ ಏಳುವ ಸಿಡುಬಿನಂಥ ಗುಳ್ಳೆಯ ರಸವನ್ನು ಮನುಷ್ಯರ ಚರ್ಮಕ್ಕೆ ಸ್ವಲ್ಪ ತಾಗಿಸಿದರೆ, ಅವರಿಗೆ ಮುಂದೆ ಸಿಡುಬು ತಗಲುವುದಿಲ್ಲ. ತಾಗಿಸಿದ ಜಾಗದಲ್ಲಿ ವಾರದೊಳಗೆ ಒಂದು ಗುಳ್ಳೆ ಏಳುತ್ತದೆ. ಆ ಗುಳ್ಳೆಯ ರಸ ತೆಗೆದು ಮುಂದಿನವರ ತೋಳಿಗೆ ಹಾಕಬಹುದು. ಹೀಗೆ ತೋಳಿನಿಂದ ತೋಳಿಗೆ ದಾಟುತ್ತಲೇ ಬಾಗ್ದಾದ್, ಬಸ್ರಾ ದಾಟಿ ಆ ರಸ 1802ರ ಜೂನ್‌ನಲ್ಲಿ ಮುಂಬಯಿಗೆ ಬಂತು. ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ 3 ವರ್ಷದ ಮಗುವಿನ ತೋಳಿನಲ್ಲಿ ಅದು ಹಿಡಿಯಿತು. ನಮ್ಮ ದೇಶದಲ್ಲಿ ಆ ಲಸಿಕೆ ಹರಡಿದ್ದು ಆ ಮಗುವಿನಿಂದ.

ಲಸಿಕೆ ಎನ್ನುವ ಪದದಲ್ಲೂ ಈ ಕಥೆ ಇದೆ. ಸಂಸ್ಕೃತದ ಲಸೀಕಾ ಎಂದರೆ ದೇಹದ ತಿಳಿಯಾದ ರಸ. ಬಾಟಲಿಯಲ್ಲಿ ಬರುವ ಮೊದಲು ಲಸಿಕೆ ಒಬ್ಬ ಮನುಷ್ಯರ ದೇಹದಿಂದಲೇ ಇನ್ನೊಬ್ಬರಿಗೆ ಬರಬೇಕಿತ್ತು. ಒಬ್ಬರು ತೋಳು ಕೊಡದಿದ್ದರೆ ಮುಂದಿನವರಿಗೆ ಸಿಗುತ್ತಿರಲಿಲ್ಲ.

ಅರಮನೆಯ ತೋಳು

ಆದರೆ ತೋಳು ಕೊಡಲು ಜನ ಒಪ್ಪಬೇಕಲ್ಲ. ಯಾವ ಜಾತಿಯವರ ಮೈಯಿಂದ ಬಂದ ರಸವೋ ಎಂಬ ಅಳುಕು ಒಂದು. ಸಿಡುಬು ಬರೀ ಕಾಯಿಲೆಯಲ್ಲ, ಅದು ಅಮ್ಮ ಬರುವುದು ಎಂಬ ನಂಬಿಕೆ ಇನ್ನೊಂದು. ಈಗಲೂ ನಮ್ಮ ಕಡೆ ಮಗುವಿಗೆ ಗುಳ್ಳೆ ಎದ್ದರೆ "ಅಮ್ಮ ಆಗೈತೆ" ಎಂದೇ ಹೇಳುತ್ತೇವೆ. ಬೇವಿನ ಸೊಪ್ಪು ಕಟ್ಟುತ್ತೇವೆ, ಮಾರಮ್ಮನಿಗೆ ತಂಪು ಮಾಡುತ್ತೇವೆ. ಅಮ್ಮನನ್ನು ಸೂಜಿಯಿಂದ ತಡೆಯುವುದು ಎಂದರೆ ಅವಳನ್ನು ಕೆಣಕಿದ ಹಾಗೆ ಎಂಬ ಭಯ ಆಗಿನವರಿಗೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಆಗ ಮೈಸೂರಿನ ಗದ್ದುಗೆಯಲ್ಲಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರ್. 1794ರಲ್ಲಿ ಶ್ರೀರಂಗಪಟ್ಟಣದಲ್ಲೇ ಹುಟ್ಟಿದವರು. 1799ರ ಜೂನ್ 30ರಂದು 5 ವರ್ಷದ ಮಗುವಾಗಿದ್ದಾಗ ಪಟ್ಟಕ್ಕೆ ಬಂದರು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ಅರಮನೆಯ ಹಿರಿಯರು ಅಜ್ಜಿ ಲಕ್ಷ್ಮಮ್ಮಣ್ಣಿ. ಹೈದರ್, ಟಿಪ್ಪು ಕಾಲವನ್ನೆಲ್ಲ ಶ್ರೀರಂಗಪಟ್ಟಣದಲ್ಲಿ ಕಂಡವರು.

ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ ಒಂದು ದೊಡ್ಡ ಚಿತ್ರ ಬರೆದ. ಮೂವರು ಹೆಣ್ಣುಮಕ್ಕಳು ಒಟ್ಟಿಗೆ ನಿಂತ ಚಿತ್ರ. ಮೈತುಂಬ ಒಡವೆ. ಬಲಗಡೆ ನಿಂತವಳು ಎಡತೋಳಿನ ಮೇಲಿನ ಸೀರೆಯನ್ನು ಸರಿಸಿ ತೋಳು ತೋರಿಸುತ್ತಿದ್ದಾಳೆ. ಇವರು ನಾಟ್ಯದವರು ಇರಬೇಕು ಎಂದು ಬಹಳ ಕಾಲ ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆ ವಾದ ಮುಂದಿಟ್ಟರು. ಅವರ ಪ್ರಕಾರ ನಡುವೆ ನಿಂತವರು ಲಕ್ಷ್ಮಮ್ಮಣ್ಣಿ. ಎರಡೂ ಪಕ್ಕದಲ್ಲಿರುವವರು ಚಿಕ್ಕ ವಯಸ್ಸಿನ ಮಹಾರಾಜರ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ಬಲಗಡೆಯ ಚಿಕ್ಕ ರಾಣಿ ತೋರಿಸುತ್ತಿರುವುದು ದಾಕು ಹಾಕಿದ ಜಾಗವನ್ನು. ಎಡಗಡೆಯ ರಾಣಿಯ ಮೂಗು, ಬಾಯಿಯ ಸುತ್ತ ಬಣ್ಣ ಸ್ವಲ್ಪ ಬೇರೆ ಇದೆ. ಅದು ಹಳೇ ಪದ್ಧತಿಯ ಗುರುತು ಎನ್ನುತ್ತಾರೆ ಅವರು. ಸಿಡುಬಿನ ಒಣಗಿದ ಹಕ್ಕಳೆಯನ್ನು ಪುಡಿಮಾಡಿ ಮೂಗಿಗೆ ಊದಿ, ಬೇಕೆಂದೇ ಸಣ್ಣದಾಗಿ ಸಿಡುಬು ಬರಿಸುವ ಪದ್ಧತಿ ಅದು. ಸಾಮಾನ್ಯವಾಗಿ ಬದುಕುತ್ತಿದ್ದರು, ಕೆಲವೊಮ್ಮೆ ಸಾಯುತ್ತಿದ್ದರು.

ಲಕ್ಷ್ಮಮ್ಮಣ್ಣಿಯವರ ಗಂಡ ಸಿಡುಬಿನಿಂದಲೇ ತೀರಿಕೊಂಡಿದ್ದರು ಎಂದೂ ಚಾನ್ಸೆಲರ್ ಹೇಳುತ್ತಾರೆ. ರಾಣಿ ಹಾಕಿಸಿಕೊಂಡ ಸುದ್ದಿ ತಿಳಿದು ಜನ ಮುಂದೆ ಬಂದರು ಎಂಬುದಕ್ಕೆ 1806ರ ದಾಖಲೆಯನ್ನು ಅವರು ತೋರಿಸುತ್ತಾರೆ.

ಸುಮ್ಮನೆ ಯೋಚಿಸಿ. ಪರಪುರುಷರ ಮುಂದೆ ಬಾರದ ಅರಮನೆಯ ಹೆಣ್ಣುಮಗಳು ತೋಳು ತೋರಿಸಿ ನಿಂತದ್ದು ಯಾರಿಗಾಗಿ? ಅವಳಿಗೆ ದಾಕು ಆಗಲೇ ಆಗಿತ್ತು. ತೋರಿಸಿದ್ದು ಬೇರೆಯವರ ಧೈರ್ಯಕ್ಕೆ. ಸರ್ಕಾರದ ಡಂಗೂರಕ್ಕಿಂತ ನಮಗೆ ಬೇಕಾದವರು ಹಾಕಿಸಿಕೊಂಡಿದ್ದಾರೆ ಎನ್ನುವುದು ಹೆಚ್ಚು ಕೆಲಸ ಮಾಡಿತು. ಗಂಜಾಮಿನ ದೊಡ್ಡಸ್ವಾಮಿಯ ಗುಟ್ಟೂ ಇದೇ ಇರಬೇಕು. ಜನರ ನಡುವೆ ಅವರ ಹಾಗೇ ಬದುಕಿದವರ ಮಾತನ್ನು ಜನ ಕೇಳಿದರು.

ಜೀವ ಇರುವ ಲಸಿಕೆ, ಜೀವ ಇಲ್ಲದ ಲಸಿಕೆ

ಮುಂದಿನ ದೊಡ್ಡ ಪರೀಕ್ಷೆ ಪ್ಲೇಗ್. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ. ಪ್ಲೇಗ್ ಮಾರಮ್ಮನ ಗುಡಿಗಳು ಆ ಕಾಲದ ಗುರುತು.

1897ರ ಜನವರಿಯಲ್ಲಿ ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಪ್ಲೇಗಿಗೆ ಲಸಿಕೆ ತಯಾರಿಸಿ, ಮೊದಲು ತನಗೇ ಚುಚ್ಚಿಸಿಕೊಂಡರು. ಇದು ಸಿಡುಬಿನ ದಾಕಿನ ಹಾಗಲ್ಲ. ಸಿಡುಬಿನ ದಾಕಿನಲ್ಲಿ ಇದ್ದದ್ದು ಜೀವಂತ ರೋಗಾಣು, ಅದು ಮೈಯಲ್ಲಿ ಬೆಳೆದು ಗುಳ್ಳೆ ಏಳಬೇಕು. ಹಾಫ್ಕಿನ್ ಪ್ಲೇಗ್ ರೋಗಾಣುವನ್ನು ಕಾಯಿಸಿ ಕೊಂದು ಲಸಿಕೆ ಮಾಡಿದ್ದರು. ಸತ್ತದ್ದು ಬೆಳೆಯುವುದಿಲ್ಲ. ಮೈಗೆ ಶತ್ರುವಿನ ಗುರುತು ಮಾತ್ರ ಸಿಗುತ್ತದೆ.

ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ರಕ್ತದ ಕ್ಯಾನ್ಸರ್ ಇರುವವರಿಗೆ ಜೀವ ಉಳಿಸುವ ವ್ಯತ್ಯಾಸ ಇದು.

ಸಿಡುಬಿನ ದಾಕು ಮುಂದೆ ಕರುವಿನ ಚರ್ಮದ ಮೇಲೆ ಬೆಳೆಸಿದ ರಸದಿಂದ ತಯಾರಾಗತೊಡಗಿತು. ಮನೆಯ ಅಜ್ಜಿಯ ತೋಳು ನೋಡಿ, ದೊಡ್ಡ ದುಂಡನೆ ಕಲೆ ಇರುತ್ತದೆ. ಅದೇ ದಾಕಿನ ಗುರುತು. 1975ರ ಮೇ ತಿಂಗಳ ನಂತರ ನಮ್ಮ ದೇಶದಲ್ಲಿ ಸಿಡುಬು ಯಾರಿಗೂ ಬಂದಿಲ್ಲ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇಡೀ ಪ್ರಪಂಚದಿಂದ ಸಿಡುಬು ಹೋಯಿತು ಎಂದು ಘೋಷಿಸಿತು.

ದಾಕು ಹಾಕಿಸಬಾರದಾಗಿದ್ದವರು

ಈ ಗೆಲುವಿನ ಕಥೆಯೊಳಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕಥೆ ಇದೆ.

ನಮ್ಮ ಮೂಳೆಯೊಳಗಿನ ಮಜ್ಜೆಯನ್ನು ಭತ್ತದ ಒಟ್ಲು ಎಂದುಕೊಳ್ಳಿ. ರಕ್ತದ ಕಣಗಳೆಲ್ಲ ಅಲ್ಲಿ ಸಸಿಯಾಗಿ ಹುಟ್ಟಿ ಮೈಗೆಲ್ಲ ಹೋಗುತ್ತವೆ. ರೋಗ ತಡೆಯುವ ಬಿಳಿ ಕಣಗಳೂ ಅಲ್ಲೇ ಹುಟ್ಟುವುದು. ಲ್ಯುಕೇಮಿಯಾ ಎಂದರೆ ಒಟ್ಲಿನಲ್ಲಿ ಕಳೆ ತುಂಬಿದ ಹಾಗೆ. ಒಳ್ಳೆ ಸಸಿಗೆ ಜಾಗವಿಲ್ಲ. ಕಳೆ ಸುಡಲು ಕೀಮೋ ಕೊಟ್ಟರೆ ಕಳೆಯ ಜೊತೆ ಒಳ್ಳೆ ಸಸಿಯೂ ಸ್ವಲ್ಪ ಕಾಲ ಸುಡುತ್ತದೆ. ಲಿಂಫೋಮಾ, ಮೈಲೋಮಾಗಳಲ್ಲೂ ಕೆಡುವುದು ಈ ಬಿಳಿ ಕಣಗಳ ಕುಲವೇ. ಹಾಗಾಗಿ ಮಿಕ್ಕ ಕ್ಯಾನ್ಸರ್‌ಗಳಿಗಿಂತ ರಕ್ತದ ಕ್ಯಾನ್ಸರ್‌ನಲ್ಲಿ ರೋಗ ತಡೆಯುವ ಶಕ್ತಿಗೆ ನೇರವಾಗಿ ಏಟು ಬೀಳುತ್ತದೆ.

ಇಂಥವರಿಗೆ ಜೀವಂತ ದಾಕು ಹಾಕಿದರೆ ಏನಾಗುತ್ತಿತ್ತು? ಬೇರೆಯವರಲ್ಲಿ ಒಂದು ಗುಳ್ಳೆಯಾಗಿ ಒಣಗುವುದು ಇವರಲ್ಲಿ ಒಣಗುತ್ತಿರಲಿಲ್ಲ. ಹುಣ್ಣು ಅಗಲವಾಗುತ್ತಾ ಹೋಗಿ ಎಷ್ಟೋ ಜನ ಸತ್ತರು. 1960ರ ದಶಕದ ಅಮೆರಿಕದ ವರದಿಗಳಲ್ಲಿ ಹೀಗೆ ಸತ್ತವರಲ್ಲಿ ಲ್ಯುಕೇಮಿಯಾ, ಲಿಂಫೋಮಾ ರೋಗಿಗಳಿದ್ದರು. ರಕ್ತದ ಕ್ಯಾನ್ಸರ್ ಇದ್ದವರಿಗೆ ಸಿಡುಬಿನ ದಾಕು ಹಾಕಬಾರದು, ಹುಣ್ಣಿನಿಂದ ಅವರಿಗೆ ತಗಲಬಹುದಾದ್ದರಿಂದ ಅವರ ಮನೆಯವರಿಗೂ ಯೋಚಿಸಿ ಹಾಕಬೇಕು ಎಂದು ವೈದ್ಯರೇ ನಿಯಮ ಮಾಡಿದರು.

ಹಾಗಾಗಿ "ರಕ್ತ ಕೆಟ್ಟಿರುವಾಗ ಸೂಜಿ ಯಾಕೆ" ಎಂಬ ಪ್ರಶ್ನೆ ಬುದ್ಧಿಯಿಲ್ಲದ ಪ್ರಶ್ನೆಯಲ್ಲ. ಒಂದು ಕಾಲದ ಒಂದು ಬಗೆಯ ಲಸಿಕೆಗೆ ಅದು ಸರಿಯಾದ ಪ್ರಶ್ನೆ. ಆ ಭಯವನ್ನು ಎಲ್ಲ ಲಸಿಕೆಗೂ ಹಚ್ಚಿದಾಗ ತಪ್ಪಾಗುತ್ತದೆ.

ರಕ್ತದ ಕ್ಯಾನ್ಸರ್ ಮಕ್ಕಳಿಂದಲೇ ಪ್ರಪಂಚಕ್ಕೆ ಉಪಕಾರವಾದ ಕಥೆಯೂ ಇದೆ. ಜಪಾನಿನ ಮಿಚಿಯಾಕಿ ತಾಕಾಹಾಶಿ ಎಂಬ ವೈದ್ಯರ ಮಗನಿಗೆ 1964ರಲ್ಲಿ ಸೀತಾಳೆ ಸಿಡುಬು ಜೋರಾಗಿ ಬಂತು. ಹತ್ತು ವರ್ಷದ ನಂತರ, 1974ರಲ್ಲಿ, ಅವರು ಅದಕ್ಕೆ ಲಸಿಕೆ ತಯಾರಿಸಿ ವರದಿ ಮಾಡಿದರು. ಲ್ಯುಕೇಮಿಯಾ ಇದ್ದ ಮಕ್ಕಳಿಗೆ ಸೀತಾಳೆ ಸಿಡುಬು ಎಂದರೆ ಜೀವದ ಪ್ರಶ್ನೆ. ಆದ್ದರಿಂದ ಜಪಾನಿನಲ್ಲಿ, 1980ರ ದಶಕದಲ್ಲಿ ಅಮೆರಿಕದಲ್ಲಿ, ಕಾಯಿಲೆ ಹತೋಟಿಗೆ ಬಂದಿದ್ದ ಲ್ಯುಕೇಮಿಯಾ ಮಕ್ಕಳಿಗೆ ಬಹಳ ಎಚ್ಚರಿಕೆಯಿಂದ ಅದನ್ನು ಕೊಟ್ಟು ನೋಡಿದರು. ಅದರಿಂದ ಕಲಿತದ್ದು ಆಮೇಲೆ ಆರೋಗ್ಯವಂತ ಮಕ್ಕಳಿಗೆಲ್ಲ ಉಪಯೋಗಕ್ಕೆ ಬಂತು. 1995ರಲ್ಲಿ ಅಮೆರಿಕ ಆ ಲಸಿಕೆಗೆ ಅನುಮತಿ ಕೊಟ್ಟಿತು.

ಹಾಗಾದರೆ ಈಗ ಏನು?

ನಮ್ಮ ತಾಲೂಕುಗಳಿಂದ ರಕ್ತದ ಕ್ಯಾನ್ಸರ್ ಚಿಕಿತ್ಸೆಗೆ ಜನ ಮಂಡ್ಯ, ಮೈಸೂರು, ಬೆಂಗಳೂರಿನ ಕಿದ್ವಾಯಿ ಎಂದು ಓಡಾಡುತ್ತಾರೆ. ಚಿಕಿತ್ಸೆ ಒಂದು ಕಡೆ, ಲಸಿಕೆ ಊರಿನ ಆರೋಗ್ಯ ಕೇಂದ್ರದಲ್ಲಿ. ನಡುವೆ ಮಾತು ತಪ್ಪಿಹೋಗುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಕೇಳಲು ಸಂಕೋಚ, ಊರಿನಲ್ಲಿ ಕೇಳಿದರೆ "ನಿಮ್ ಡಾಕ್ಟ್ರನ್ನೇ ಕೇಳಿ" ಎಂಬ ಉತ್ತರ. ಕೊನೆಗೆ ವಾಟ್ಸಾಪಿನಲ್ಲಿ ಬಂದದ್ದೇ ನಿಜವಾಗುತ್ತದೆ. ಬೇರೆ ಬೇರೆ ದೇಶಗಳಲ್ಲಿ ಕ್ಯಾನ್ಸರ್ ರೋಗಿಗಳನ್ನು ಕೇಳಿದಾಗ ಮತ್ತೆ ಮತ್ತೆ ಕಂಡದ್ದು ಕೂಡ ಇದೇ. ತಮ್ಮನ್ನು ನೋಡುವ ವೈದ್ಯರೇ ಬಾಯಿಬಿಟ್ಟು ಹೇಳಿದರೆ ಹೆಚ್ಚಿನವರು ಹಾಕಿಸಿಕೊಳ್ಳುತ್ತಾರೆ.

ಜನರಲ್ಲಿರುವ ಭಯಗಳನ್ನು ಒಂದೊಂದಾಗಿ ನೋಡೋಣ.

"ಲಸಿಕೆಯಿಂದಲೇ ಆ ರೋಗ ಬಂದರೆ?" ಕೊವ್ಯಾಕ್ಸಿನ್‌ನಲ್ಲಿ ಇರುವುದು ಕೊಂದ ವೈರಸ್. ಕೋವಿಶೀಲ್ಡ್‌ನಲ್ಲಿರುವುದು ಮೈಯಲ್ಲಿ ಬೆಳೆಯಲಾರದಂತೆ ಮಾಡಿದ ಬೇರೆ ವೈರಸ್. ವರ್ಷಕ್ಕೊಮ್ಮೆ ಕೊಡುವ ಫ್ಲೂ ಚುಚ್ಚುಮದ್ದು, ನ್ಯುಮೋನಿಯಾ ಚುಚ್ಚುಮದ್ದು, ಹೆಪಟೈಟಿಸ್ ಬಿ ಲಸಿಕೆ, ಇವುಗಳಲ್ಲೂ ಜೀವ ಇಲ್ಲ. ಇವುಗಳಿಂದ ಆ ರೋಗ ಬರುವುದಿಲ್ಲ. ದಡಾರ-ರುಬೆಲ್ಲಾ ಲಸಿಕೆ, ಬಿಸಿಜಿ, ಸೀತಾಳೆ ಸಿಡುಬಿನ ಲಸಿಕೆ, ಪೋಲಿಯೋ ಹನಿ, ಇವು ಜೀವ ಇರುವವು. ಚಿಕಿತ್ಸೆ ನಡೆಯುವಾಗ ಇವನ್ನು ರೋಗಿಗೆ ಕೊಡುವುದಿಲ್ಲ.

"ಕೀಮೋ ಜೊತೆ ಆಗಿಬರುತ್ತದಾ?" ಇದು ಸಮಯದ ಪ್ರಶ್ನೆ. ಸಾಧ್ಯವಿದ್ದರೆ ಕೀಮೋ ಶುರುವಾಗುವ ಎರಡು ವಾರ ಮೊದಲೇ ಜೀವ ಇಲ್ಲದ ಲಸಿಕೆ ಹಾಕಿಸುವುದು ಒಳ್ಳೆಯದು. ಶುರುವಾಗಿದ್ದರೆ ಎರಡು ಸುತ್ತಿನ ನಡುವೆ ಯಾವಾಗ ಎಂದು ವೈದ್ಯರು ಹೇಳುತ್ತಾರೆ. ರಿಟುಕ್ಸಿಮ್ಯಾಬ್ ಎಂಬ ಔಷಧಿ ಪಡೆದವರಲ್ಲಿ ಸುಮಾರು ಆರು ತಿಂಗಳು ಲಸಿಕೆಯ ಫಲ ಬಹಳ ಕಡಿಮೆ. ಮಜ್ಜೆ ಕಸಿ ಆದವರಿಗೆ ಹಳೇ ಲಸಿಕೆಗಳ ನೆನಪು ಮೈಯಿಂದ ಅಳಿಸಿಹೋಗಬಹುದು. ಅವರು ಚಿಕ್ಕ ಮಕ್ಕಳ ಹಾಗೆ ಲಸಿಕೆಗಳನ್ನು ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳಬೇಕಾಗುತ್ತದೆ.

"ಪ್ಲೇಟ್‌ಲೆಟ್ ಕಡಿಮೆ ಇದೆ, ರಕ್ತ ನಿಲ್ಲದಿದ್ದರೆ?" ಚುಚ್ಚುವ ಮೊದಲು ಈ ವಿಷಯ ಹೇಳಲೇಬೇಕು. ಎಣಿಕೆ ನೋಡಿ, ಸಣ್ಣ ಸೂಜಿ ಬಳಸಿ, ಆಮೇಲೆ ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ಎಣಿಕೆ ತೀರಾ ಇಳಿದಿದ್ದರೆ ಮುಂದಕ್ಕೆ ಹಾಕುತ್ತಾರೆ.

"ಜ್ವರ ಬಂದರೆ?" ಬೇರೆಯವರಿಗೆ ಲಸಿಕೆಯ ಜ್ವರ ಎಂದು ಸುಮ್ಮನಿರಬಹುದು. ಕೀಮೋದಲ್ಲಿ ಇರುವವರಿಗೆ 100.4 ಡಿಗ್ರಿ ದಾಟಿದರೆ ಸುಮ್ಮನಿರಬೇಡಿ. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಅದು ಲಸಿಕೆಯ ಜ್ವರವೋ ಸೋಂಕೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯವಲ್ಲ.

ಮನೆಯವರ ತೋಳು

ಇಷ್ಟೆಲ್ಲ ಮಾಡಿದರೂ ಒಂದು ಕಷ್ಟ ಉಳಿಯುತ್ತದೆ. ರಕ್ತದ ಕ್ಯಾನ್ಸರ್ ಇರುವವರಲ್ಲಿ ಲಸಿಕೆ ಬೇರೆಯವರಷ್ಟು ಕೆಲಸ ಮಾಡದೆ ಇರಬಹುದು. ಗುರುತು ಹಿಡಿಯಬೇಕಾದ ಕಣಗಳೇ ಕಡಿಮೆ ಇರುವಾಗ ಲಸಿಕೆ ಯಾರಿಗೆ ಪಾಠ ಹೇಳಬೇಕು? ಕೊರೊನಾ ಕಾಲದಲ್ಲಿ ಎರಡು ಡೋಸ್ ಆದ ಮೇಲೂ ಕೆಲವು ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ರಕ್ಷಣೆ ಸಾಲದೆ, ಹಲವು ದೇಶಗಳು ಇವರಿಗೆ ಹೆಚ್ಚುವರಿ ಡೋಸ್ ಕೊಟ್ಟವು.

ಅಲ್ಲಿಗೆ ಮನೆಯವರ ಜವಾಬ್ದಾರಿ ಬರುತ್ತದೆ. ಮನೆಯವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೆ ರೋಗ ಹೊಸಿಲು ದಾಟುವುದು ಕಷ್ಟ. ಶಾಲೆಯ ಮಕ್ಕಳೆಲ್ಲ ದಡಾರದ ಲಸಿಕೆ ಹಾಕಿಸಿಕೊಂಡಿದ್ದರೆ, ಅದೇ ಬೆಂಚಿನಲ್ಲಿ ಕೂರುವ ಲ್ಯುಕೇಮಿಯಾ ಮಗು ಬದುಕುತ್ತದೆ. ಆ ಮಗು ತಾನು ಹಾಕಿಸಿಕೊಳ್ಳುವ ಹಾಗಿಲ್ಲ, ದಡಾರ ಬಂದರೆ ತಡೆಯುವ ಶಕ್ತಿಯೂ ಇಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದ ಮಕ್ಕಳಿಗೆಲ್ಲ ಕೊಡಬೇಕಿತ್ತು. ಆಗ ಫೋನುಗಳಲ್ಲಿ ಹರಿದಾಡಿದ ಸುಳ್ಳು ಸುದ್ದಿ ನೋಡಿ ಕೆಲವು ತಂದೆ ತಾಯಿ ಮಕ್ಕಳನ್ನು ಆ ದಿನ ಶಾಲೆಗೇ ಕಳಿಸಲಿಲ್ಲ. ನಮ್ಮ ಮಗು ಗಟ್ಟಿಯಾಗಿದೆ ಎಂದುಕೊಂಡವರಿಗೆ ಪಕ್ಕದ ಬೆಂಚಿನ ಮಗುವಿನ ನೆನಪು ಬಂದಿರಲಿಕ್ಕಿಲ್ಲ.

ದಡಾರ-ರುಬೆಲ್ಲಾ ಲಸಿಕೆ ಜೀವ ಇರುವುದಾದರೂ ಹಾಕಿಸಿಕೊಂಡ ಮಗುವಿನಿಂದ ಮನೆಯ ರೋಗಿಗೆ ತಗಲುವುದಿಲ್ಲ. ಅಣ್ಣ ತಮ್ಮಂದಿರಿಗೆ ಧೈರ್ಯವಾಗಿ ಹಾಕಿಸಬಹುದು. ಪೋಲಿಯೋ ಹನಿಯ ವಿಷಯ ಬೇರೆ. ಅದರ ವೈರಸ್ ಕೆಲವು ವಾರ ಮಗುವಿನ ಮಲದಲ್ಲಿ ಹೊರಬರುತ್ತದೆ. ಆದ್ದರಿಂದ ಮನೆಯಲ್ಲಿ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ, ಹನಿ ಹಾಕಿಸುವ ಮೊದಲು ಆಶಾ ಕಾರ್ಯಕರ್ತೆಗೆ, ವೈದ್ಯರಿಗೆ ಹೇಳಿ. ಅಂಥ ಮನೆಯ ಮಕ್ಕಳಿಗೆ ಹನಿಯ ಬದಲು ಚುಚ್ಚುಮದ್ದಿನ ಪೋಲಿಯೋ ಲಸಿಕೆ ಇದೆ. ಕೇಳದೆ ನೀವೇ ಪೋಲಿಯೋ ಲಸಿಕೆ ನಿಲ್ಲಿಸಬೇಡಿ.

ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಯಾರಿಗಾದರೂ ಅಮ್ಮ ಆಗಿದ್ದರೆ, ದಡಾರ ಬಂದಿದ್ದರೆ, ಗುಟ್ಟು ಮಾಡಬೇಡಿ. ಬೇವಿನ ಸೊಪ್ಪು ಕಟ್ಟಿ, ಪೂಜೆಯನ್ನೂ ಮಾಡಿ. ಆದರೆ ರೋಗಿಯನ್ನು ಬೇರೆ ಕಡೆ ಇಟ್ಟು, ಅದೇ ದಿನ ಚಿಕಿತ್ಸೆಯ ಆಸ್ಪತ್ರೆಗೆ ತಿಳಿಸಿ. ಬೇಗ ತಿಳಿಸಿದರೆ ತಡೆಯಲು ಔಷಧಿಗಳಿವೆ, ತಡವಾದರೆ ಅವು ಕೆಲಸಕ್ಕೆ ಬರುವುದಿಲ್ಲ.

ಮುಂದಿನ ಸಲ ಕೀಮೋಗೆ ಹೋಗುವಾಗ ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ನಮ್ಮವರಿಗೆ ಯಾವ ಲಸಿಕೆ ಬೇಕು? ಯಾವ ತಾರೀಖಿಗೆ? ಮನೆಯವರು ಯಾವುದನ್ನು ಹಾಕಿಸಿಕೊಳ್ಳಬೇಕು? ಉತ್ತರವನ್ನು ಅದೇ ಚೀಟಿಯಲ್ಲಿ ಬರೆಸಿಕೊಂಡು ಬಂದು ಊರಿನ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಕೇಳಲು ಇಂಗ್ಲಿಷ್ ಬೇಕಿಲ್ಲ, ಸಂಕೋಚವೂ ಬೇಕಿಲ್ಲ. ಅವರ ಜೀವದ ವಿಷಯ ಕೇಳುವುದು ನಿಮ್ಮ ಹಕ್ಕು.